ಹನ್ನೊಂದು ಸೋಮವಾರ

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ನಮ್ಮೂರಿನ ಅಗಸಿ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಆ ವಾರದ ಅಂಕಿ ಬರೆಯುವುದು ನನ್ನ ಕೆಲಸ. ಹೋದ ವಾರ ಊರು ಎಷ್ಟು ಮಾರು ಸರಿಯಿತು, ಯಾವ ಕಡೆಗೆ ಸರಿಯಿತು ಎಂಬ ಅಂಕಿ. ಸಾಮಾನ್ಯವಾಗಿ ಐದೋ ಆರೋ ಮಾರು ಇರುತ್ತದೆ. ಮಳೆಗಾಲದಲ್ಲಿ ಎಂಟರವರೆಗೂ ಹೋದದ್ದುಂಟು. ಊರೊಳಗೆ ಇರುವವರಿಗೆ ಇದರಿಂದ ಏನೂ ಆಗುವುದಿಲ್ಲ. ಮನೆ, ಬಾವಿ, ಬೇವಿನ ಮರ, ಸಂತೆಕಟ್ಟೆ ಎಲ್ಲವೂ ಒಟ್ಟಿಗೇ ಸರಿಯುತ್ತವೆ. ಒಲೆಯ ಮೇಲಿನ ಹಾಲು ಕೂಡ ಅಲುಗುವುದಿಲ್ಲ. ತೊಂದರೆಯೆಲ್ಲ ಹೊರಗೆ ಹೋಗಿ ಬರುವವರಿಗೆ. ಊರು ಸರಿಯುವುದರಿಂದ ಅದರ ಸುತ್ತಲಿನ ನೆಲ ಸದಾ ಮೆತ್ತಗೆ ಕೆಸರಾಗಿರುತ್ತದೆ. ಎತ್ತು ಇಳಿದರೆ ಹೊಟ್ಟೆಯವರೆಗೆ ಹೂತುಹೋಗುತ್ತದೆ. ಆ ಕೆಸರಿನ ಮೇಲೆ ಅಗಸಿಯಿಂದ ಗಟ್ಟಿ ನೆಲದವರೆಗೆ ಒಂದೇ ಒಂದು ಹಲಗೆದಾರಿ, ಜೀಪು ಹೋಗುವಷ್ಟು ಅಗಲದ್ದು. ವಾರಕ್ಕೊಮ್ಮೆ ಹಲಗೆಗಳನ್ನು ಕಿತ್ತು ಮತ್ತೆ ಹಾಸುತ್ತಾರೆ. ಅದಕ್ಕೆ ಸರಿಯಾಗಿ ಬಂದು ಮುಟ್ಟಿದರೆ ಊರು, ಇಲ್ಲದಿದ್ದರೆ ಕೆಸರು.

ಊರಿನ ಪಡುವಲಿಗೆ ಬಯಲು. ಬಯಲು ಸರಿಯುವುದಿಲ್ಲ. ಅದರ ನಡುವೆ ಸೊಂಟದೆತ್ತರದ ಗುರ್ತಿನ ಕಲ್ಲು ಇದೆ. ಹೊರಗಿನ ಬಂಡಿಜಾಡುಗಳೆಲ್ಲ ಅಲ್ಲಿಗೆ ಬಂದು ಮುಗಿಯುತ್ತವೆ. ಅಲ್ಲಿಂದ ಮುಂದೆ ಅವರವರ ಲೆಕ್ಕ, ಅವರವರ ಯಂತ್ರ.

ಯಂತ್ರವಿಲ್ಲದ ಮನೆ ನಮ್ಮೂರಿನಲ್ಲಿ ಇಲ್ಲ. ಜೀಪು ಟ್ರ್ಯಾಕ್ಟರುಗಳಲ್ಲಿ ಕೂರಿಸಿದ ಜಿಪಿಎಸ್ ಡಬ್ಬಿಗಳಿವೆ, ಮೊಬೈಲಿನಲ್ಲಿ ಆ್ಯಪ್‌ಗಳಿವೆ, ಕುರುಬರು ಹೆಗಲಿಗೆ ಹಾಕಿಕೊಳ್ಳುವ ಹಳೆಯ ಕೈಯಂತ್ರಗಳಿವೆ. ಒಂದು ತೋರಿಸಿದ್ದನ್ನು ಇನ್ನೊಂದು ತೋರಿಸುವುದಿಲ್ಲ. ಒಂದೇ ಚಹಾದಂಗಡಿಯ ಒಂದೇ ಬಾಕಿನ ಮೇಲೆ ಕೂತ ಮೂವರಲ್ಲಿ ಒಬ್ಬನದು ಅಗಸಿ ನೂರಾ ಹನ್ನೆರಡು ಮಾರು ಎನ್ನುತ್ತದೆ, ಇನ್ನೊಬ್ಬನದು ನೂರಾ ಆರು, ಮತ್ತೊಬ್ಬನದು ಅವನನ್ನು ಎದುರಿನ ಗಿರಣಿಯೊಳಗೆ ಕೂರಿಸಿರುತ್ತದೆ. ನಾನು ಕಚೇರಿಗೆ ಸೇರಿದ ಹೊಸದರಲ್ಲಿ ಇದರಲ್ಲಿ ಯಾವುದು ಸರಿ ಎಂದು ಅಡಿವೆಪ್ಪ ಕಾಕಾನನ್ನು ಕೇಳಿದ್ದೆ. ಕಾಕಾ ನಮ್ಮ ಗುರ್ತಿನ ಕಚೇರಿಯ ಅಳತೆಗಾರ. ಅವನು ಯಾವುದೂ ಸರಿಯಲ್ಲ, ಒಂದೊಂದೂ ಒಂದೊಂದು ಥರ ತಪ್ಪುತ್ತದೆ, ಆ ಥರ ಗೊತ್ತಾದರೆ ಸಾಕು ಎಂದಿದ್ದ.

ಆಮೇಲೆ ಒಂಬತ್ತು ವರ್ಷ ಅವನ ಹಿಂದೆ ಅಡ್ಡಾಡಿ ಆ ಥರಗಳನ್ನು ಕಲಿತೆ. ಕೆಲವು ಯಂತ್ರ ಆಕಾಶದಲ್ಲಿನ ಹತ್ತು ಉಪಗ್ರಹಗಳ ಮಾತು ಕೇಳಿ ಜಾಗ ಹೇಳುತ್ತವೆ, ಕೆಲವು ನಾಲ್ಕರದು ಕೇಳಿಯೇ ಹೇಳಿಬಿಡುತ್ತವೆ. ಜೀಪಿನ ಡಬ್ಬಿ ಹಿಂದಿನ ಹತ್ತು ಲೆಕ್ಕವನ್ನೂ ಸೇರಿಸಿ ಸರಾಸರಿ ತೆಗೆಯುತ್ತದೆ. ಅದಕ್ಕೇ ಅದು ಅಲುಗಾಡುವುದಿಲ್ಲ, ಆದರೆ ನಾವು ತಿರುಗಿದ ಮೇಲೆ ತಡವಾಗಿ ತಿರುಗುತ್ತದೆ. ಮೊಬೈಲಿನ ಆ್ಯಪ್‌ಗೆ ದಾರಿಯೆಂದರೆ ಪ್ರಾಣ. ಹೆಚ್ಚು ಜನ ನಡೆದ ಜಾಡನ್ನು ಅದು ದಾರಿಯೆಂದು ನಂಬಿರುತ್ತದೆ, ನೀವು ಪಕ್ಕದ ಹುಲ್ಲಿನಲ್ಲಿ ನಿಂತಿದ್ದರೂ ಎಳೆದುಕೊಂಡು ಹೋಗಿ ಆ ಜಾಡಿನ ಮೇಲೆ ನಿಲ್ಲಿಸುತ್ತದೆ. ಹಳೆಯ ಕೈಯಂತ್ರಗಳ ಲೆಕ್ಕ ಶುರುವಾಗುವುದೇ ಬೇರೆ ಯಾವುದೋ ಊರಿನ ಬೇರೆ ಯಾವುದೋ ಕಲ್ಲಿನಿಂದ. ಅವು ಯಾವಾಗಲೂ ಒಂದೇ ಕಡೆಗೆ, ಒಂದೇ ಅಳತೆಯಷ್ಟು ತಪ್ಪುತ್ತವೆ. ಇದನ್ನೆಲ್ಲ ಕಾಕಾ ಒಂದು ಉದ್ದ ಪುಸ್ತಕದಲ್ಲಿ ಬರೆದಿಟ್ಟಿದ್ದ. ಊರಿನ ಮುನ್ನೂರ ಚಿಲ್ಲರೆ ಯಂತ್ರಗಳ ಹೆಸರು, ಯಜಮಾನನ ಹೆಸರು, ತಪ್ಪುವ ಕಡೆ, ತಪ್ಪುವ ಅಳತೆ. ಪ್ರತಿ ಸೋಮವಾರ ನಸುಕಿನಲ್ಲಿ ಗುರ್ತಿನ ಕಲ್ಲಿಗೆ ಹೋಗಿ ಅಲ್ಲಿಂದ ಅಗಸಿಯವರೆಗೆ ಸರಪಳಿ ಹಿಡಿದು ಅಳೆಯುತ್ತ ಬರುತ್ತಿದ್ದೆವು. ಕರಿಹಲಗೆಯ ಮೇಲೆ ಬೀಳುವ ಅಂಕಿ ಆ ನಡಿಗೆಯದು.

ಕಾಕಾ ನಿವೃತ್ತನಾದ ವರ್ಷವೇ ಶೇಷಗಿರಿರಾಯರ ತಮ್ಮನ ಮಗಳ ಮದುವೆ ಬಂತು. ರಾಯರು ನಮ್ಮ ಸಾಹೇಬರು. ಒಳ್ಳೆಯವರು, ಯಾರಿಗೂ ಎತ್ತರಿಸಿ ಮಾತನಾಡಿದವರಲ್ಲ, ಮೇಜಿನ ಮೇಲೆ ಪೆನ್ನುಗಳನ್ನು ಉದ್ದದ ಪ್ರಕಾರ ಜೋಡಿಸಿಡುವವರು. ಬೀಗರ ದಿಬ್ಬಣ ಬಂದಾಗ ಡ್ರೈವರನ ಡಬ್ಬಿ ಒಂದು ಕಡೆ ತೋರಿಸಿತು, ವರನ ಸೋದರಮಾವನ ಮೊಬೈಲು ಹನ್ನೆರಡು ಮಾರು ಆಚೆಗೆ ತೋರಿಸಿತು. ಸೋದರಮಾವನ ಮಾತು ನಡೆಯಿತು. ಬಸ್ಸು ಕೆಸರಿಗೆ ಇಳಿಯಿತು. ಮುಹೂರ್ತ ತಪ್ಪಿ, ವರ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಮಂಟಪಕ್ಕೆ ಬಂದ. ಸೋದರಮಾವ ಇಡೀ ಮಂದಿಯ ಎದುರು ರಾಯರಿಗೆ, ನಿಮ್ಮ ಕಚೇರಿಗೆ ಒಂದು ಊರನ್ನು ಒಂದು ಕಡೆ ಇಡುವುದಕ್ಕೆ ಆಗುವುದಿಲ್ಲವೇ ಎಂದು ಕೇಳಿದ. ಮರುದಿನ ರಾಯರು ನನ್ನನ್ನು ಕರೆದು, ಎಲ್ಲ ಯಂತ್ರಗಳೂ ಒಂದೇ ಅಂಕಿ ತೋರಿಸುವ ಹಾಗೆ ಮಾಡಲು ಸಾಧ್ಯವೇ ಎಂದು ಕೇಳಿದರು.

ಸಾಧ್ಯವಿತ್ತು. ಒಪ್ಪಿಕೊಳ್ಳುತ್ತೇನೆ, ಆ ಪ್ರಶ್ನೆ ಕೇಳಿ ನನಗೆ ಹಿಗ್ಗಾಯಿತು. ಮುನ್ನೂರು ಯಂತ್ರಗಳ ಅಂಕಿಯ ಸರಾಸರಿ ತೆಗೆಯುವುದು, ಪ್ರತಿ ಯಂತ್ರ ಆ ಸರಾಸರಿಗಿಂತ ಎಷ್ಟು ಆಚೀಚೆ ಇದೆಯೋ ಅಷ್ಟನ್ನು ಅದರ ಹೊಟ್ಟೆಯೊಳಗೇ ಕೂಡಿಸಿ ಕಳೆದುಬಿಡುವುದು. ಕಾಕಾನ ಪುಸ್ತಕ ಕೈಯಲ್ಲಿತ್ತು, ಎರಡು ತಿಂಗಳಲ್ಲಿ ಮುಗಿಸಿದೆ. ಜನ ಸಾಲುಗಟ್ಟಿ ಬಂದು ಸರಿಮಾಡಿಸಿಕೊಂಡು ಹೋದರು. ಚಹಾದಂಗಡಿಯಲ್ಲಿ ಮೂವರು ಕೂತರೆ ಮೂವರದೂ ನೂರಾ ಒಂಬತ್ತು. ಜಗಳ ನಿಂತಿತು. ನನ್ನ ಗಂಡನ ಗಿರಣಿಗೆ ಹಿಟ್ಟು ಬೀಸಿಸಲು ಬಂದವರು ಕೂಡ ನಿಮ್ಮ ಮನೆಯವರು ಪುಣ್ಯದ ಕೆಲಸ ಮಾಡಿದರು ಎಂದು ಹೇಳಿ ಹೋಗುತ್ತಿದ್ದರು. ಎಲ್ಲ ಯಂತ್ರಗಳೂ ಒಂದೇ ಹೇಳುತ್ತಿರುವಾಗ ವಾರವಾರ ಕಲ್ಲಿಗೆ ಹೋಗಿ ಸರಪಳಿ ಎಳೆಯುವುದು ಯಾಕೆ ಎಂದು ರಾಯರು ಕೇಳಿದರು. ಊರು ಮೂಡಣಕ್ಕೆ ವಾರಕ್ಕೆ ಆರು ಮಾರು ಸರಿಯುತ್ತದೆ, ಅದನ್ನು ಕೂಡಿಸುತ್ತ ಹೋದರಾಯಿತು ಎಂದರು. ಚಳಿ ಶುರುವಾಗಿತ್ತು. ನಸುಕಿನಲ್ಲಿ ಏಳುವುದು ತಪ್ಪಿತೆಂದು ನಾನೂ ಹೂಂ ಎಂದೆ.

ಕಾಕಾ ಒಂದು ದಿನ ಕಚೇರಿಗೆ ಬಂದು ನನ್ನ ಕೆಲಸವನ್ನು ನೋಡಿದ. ಎರಡು ಯಂತ್ರ ಎತ್ತಿಕೊಂಡು ಪಕ್ಕಪಕ್ಕ ಹಿಡಿದ. ಎರಡೂ ಒಂದೇ ತೋರಿಸಿದವು. "ಇವು ಮೊದಲು ಜಗಳಾಡ್ತಿದ್ವು, ನಾವು ಎದ್ದು ಹೋಗಿ ನೋಡ್ತಿದ್ವಿ. ಈಗ ಯಾರು ಹೋಗ್ತಾರವ್ವಾ ನೋಡಾಕ?" ಎಂದ. ಸಾಹೇಬರು ಬೇಡ ಎಂದಿದ್ದಾರೆ ಎಂದೆ. ಅವನು ತಲೆ ಆಡಿಸಿದ, ಚಹಾ ಕುಡಿದ, ಮನೆಗೆ ಹೋದ. ಮುದುಕರಿಗೆ ತಮ್ಮ ಕೆಲಸ ನಿಂತರೆ ಬೇಜಾರು ಎಂದುಕೊಂಡೆ.

ಬೆಳಕು ನಿಚ್ಚಳವಿರುವ ದಿನಗಳಲ್ಲಿ ಯಾವುದೂ ಗೊತ್ತಾಗಲಿಲ್ಲ. ಬಯಲಿನಿಂದ ಬರುವವರಿಗೆ ಕಲ್ಲಿನ ಹತ್ತಿರದಿಂದಲೇ ಅಗಸಿ ಕಾಣುತ್ತದೆ, ಹಲಗೆದಾರಿಯ ಕೆಂಪು ಬಾವುಟ ಕಾಣುತ್ತದೆ. ಯಂತ್ರ ಕೈಯಲ್ಲಿದ್ದರೂ ಜನ ನಡೆಯುವುದು ಕಣ್ಣಿನಿಂದಲೇ.

ಪುಷ್ಯ ಮಾಸ ಬಂತು, ಮಂಜು ಬಂತು. ಅಂಥದೊಂದು ಬೆಳಿಗ್ಗೆ ನಾನು ಎರಡು ಹರದಾರಿ ಆಚೆಗಿನ ಕುರಿಹಟ್ಟಿಯಲ್ಲಿದ್ದೆ. ಹಟ್ಟಿಯವರ ಕೈಯಂತ್ರಗಳನ್ನು ಸರಿಮಾಡುವುದು ಬಾಕಿ ಇತ್ತು, ಹಿಂದಿನ ಸಂಜೆಯೇ ಕಚೇರಿಯ ಜೀಪಿನಲ್ಲಿ ಹೋಗಿ ಉಳಿದಿದ್ದೆ. ಡ್ರೈವರ್ ಲಾಲಸಾಬ ಜೊತೆಗಿದ್ದ. ಅದೇ ಹಟ್ಟಿಗೆ ನಮ್ಮೂರಿನ ಸೂಲಗಿತ್ತಿ ಇಮಾಂಬಿಯೂ ಎರಡು ದಿನ ಮೊದಲು ಬಂದಿದ್ದಳು. ಬೀರಪ್ಪನೆಂಬುವನ ಹೆಂಡತಿ ಮಾಳವ್ವನಿಗೆ ದಿನ ತುಂಬಿತ್ತು. ಬೀರಪ್ಪ ಕುರಿ ಹೊಡೆದುಕೊಂಡು ಬಯಲಿನ ಆಚೆ ತುದಿಗೆ ಹೋಗಿದ್ದ, ಅವನು ಬರಲು ಇನ್ನೂ ಎಂಟು ದಿನವಿತ್ತು.

ಬೆಳಕು ಹರಿಯುವ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣುಮಗು, ಚೆನ್ನಾಗಿ ಅತ್ತಿತು. ನಾವೆಲ್ಲ ಬೆಲ್ಲ ತಿಂದೆವು. ಸ್ವಲ್ಪ ಹೊತ್ತಿಗೆ ಇಮಾಂಬಿ ಗುಡಿಸಲಿನಿಂದ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕ ನಿಂತಳು. ನಲವತ್ತು ವರ್ಷದಿಂದ ಹೆರಿಗೆ ಮಾಡಿಸುವ ಹೆಂಗಸು, ಅವಳ ಮುಖದಲ್ಲಿ ಹೆದರಿಕೆ ನಾನು ಅದುವರೆಗೆ ಕಂಡಿರಲಿಲ್ಲ. ಅಂದೂ ಹೆದರಿಕೆ ಇತ್ತೆಂದು ಹೇಳಲಾರೆ. ಮುಖ ಮಾತ್ರ ಬಹಳ ಶಾಂತವಾಗಿತ್ತು.

"ರಕ್ತ ನಿಲ್ಲವಲ್ದು," ಎಂದಳು. "ಡಾಕ್ಟರ್ ಕೈಗೆ ಕೊಡಬೇಕು. ಮಧ್ಯಾಹ್ನದ ತನಕ ತಡಿಯೂದಿಲ್ಲ."

ಜೀಪಿನ ಹಿಂದಿನ ಬಾಕಿನ ಮೇಲೆ ಕಂಬಳಿ ಹಾಸಿ ಮಾಳವ್ವನನ್ನು ಮಲಗಿಸಿದೆವು. ಇಮಾಂಬಿ ಅವಳ ಕಾಲು ಎತ್ತರಿಸಿ ಹಿಡಿದುಕೊಂಡು ಕೆಳಗೆ ಕೂತಳು. ಮಗು ನನ್ನ ಮಡಿಲಿಗೆ ಬಂತು. ಬಂಡಿಜಾಡು ಹಿಡಿದು ಗುರ್ತಿನ ಕಲ್ಲಿನವರೆಗೆ ಬರುವುದು ಕಷ್ಟವಾಗಲಿಲ್ಲ, ಜಾಡು ಗಾಲಿಯನ್ನು ತಾನೇ ಹಿಡಿದುಕೊಂಡು ಬರುತ್ತದೆ. ಮಂಜು ಮಾತ್ರ ಬಾನೆಟ್ಟಿನ ಮುಂದೆ ಗೋಡೆಯ ಹಾಗೆ ನಿಂತಿತ್ತು. ಕಲ್ಲು ಕಪ್ಪಗೆ ಒಂದು ಕ್ಷಣ ಕಂಡು ಹಿಂದೆ ಹೋಯಿತು. ನಾವು ನಿಲ್ಲಲಿಲ್ಲ. ಜೀಪಿನ ಡಬ್ಬಿ, ನನ್ನ ಮೊಬೈಲು, ಹಿಂದಿನ ರಾತ್ರಿ ಸರಿಮಾಡಿ ಹಟ್ಟಿಯಿಂದ ತಂದಿದ್ದ ಕೈಯಂತ್ರ ಮೂರೂ ಒಂದೇ ಮಾತು ಹೇಳುತ್ತಿದ್ದವು. ನೆಟ್ಟಗೆ ಮೂಡಣಕ್ಕೆ, ಆರುನೂರ ಎಪ್ಪತ್ತೆಂಟು ಮಾರು. ಲಾಲಸಾಬ, ಮೂರೂ ಹೊಂದಿದ ಮೇಲೆ ಚಿಂತೆಯಿಲ್ಲ ಎಂದ. ನನಗೂ ಹಾಗೇ ಅನಿಸಿತು.

ನೂರು ಮಾರು ಉಳಿದಿತ್ತು ಎನ್ನುವಾಗ ಅವನು ವೇಗ ತಗ್ಗಿಸಿದ. ಐವತ್ತು. ಇಪ್ಪತ್ತು. ಬಾವುಟ ಕಾಣಲಿಲ್ಲ. ಮುಂದಿನ ಎಡಗಾಲಿ ಒಮ್ಮೆಗೇ ತಗ್ಗಿಗೆ ಬಿದ್ದ ಹಾಗೆ ಇಳಿಯಿತು, ಜೀಪು ವಾಲಿತು, ಹಿಂದೆ ಮಾಳವ್ವ ನರಳಿದಳು. ಲಾಲಸಾಬ ತಟ್ಟನೆ ರಿವರ್ಸ್ ಹಾಕಿದ. ಗಾಲಿ ಸುತ್ತಿತು, ಕೆಸರು ಗಾಜಿಗೆ ಹಾರಿತು. ನಾನು ಮಗುವನ್ನು ಇಮಾಂಬಿಯ ಕೈಗೆ ಕೊಟ್ಟು ಇಳಿದು ಹುಲ್ಲು ಕಿತ್ತು ಗಾಲಿಯ ಅಡಿ ತುರುಕಿದೆ, ನನ್ನ ಶಾಲನ್ನೂ ಹಾಕಿದೆ. ಮೂರನೆಯ ಸಲಕ್ಕೆ ಗಾಲಿ ಕಚ್ಚಿಕೊಂಡು ಹಿಂದಕ್ಕೆ ಬಂತು. ಇನ್ನೆರಡು ಮೊಳ ಮುಂದೆ ಹೋಗಿದ್ದರೆ ಹಿಂದಕ್ಕೆ ಬರುತ್ತಿರಲಿಲ್ಲ.

ಲಾಲಸಾಬ ಹಾರನ್ ಬಾರಿಸಿದ. ಸ್ವಲ್ಪ ಹೊತ್ತಿಗೆ ಅಗಸಿ ಕಾಯುವವನು ಗಂಟೆ ಹೊಡೆದ. ಅದು ಎಡಗಡೆಯಿಂದ ಕೇಳಿತು, ಮತ್ತೊಮ್ಮೆ ಬೆನ್ನ ಹಿಂದಿನಿಂದ ಕೇಳಿತು. ಮಂಜಿನಲ್ಲಿ ಸದ್ದಿಗೆ ದಿಕ್ಕಿಲ್ಲ. ಮೊಬೈಲಿನಲ್ಲಿ ಊರಿಗೆ ಮಾತನಾಡೋಣವೆಂದರೆ ಹಲಗೆದಾರಿಯ ಈಚೆಗೆ ಸಿಗ್ನಲ್ ಬರುವುದಿಲ್ಲ. ಯಂತ್ರಗಳನ್ನು ನೋಡಿದೆ. ಮೂರೂ ನಾವು ಹಲಗೆದಾರಿಯ ಮೇಲೆಯೇ ಇದ್ದೇವೆ ಎನ್ನುತ್ತಿದ್ದವು, ಮೂರರಲ್ಲೂ ಒಂದೇ ಅಂಕಿ, ಒಂದು ಗೇಣಿನ ವ್ಯತ್ಯಾಸವಿಲ್ಲ.

ಯಾವುದು ಖರೆ ಹೇಳುತ್ತಿದೆ ಎಂದು ಇಮಾಂಬಿ ಕೇಳಿದಳು. ಮೂರೂ ಒಂದೇ ಹೇಳುತ್ತಿವೆ ಎಂದೆ.

"ಹೇಳೇ ಹೇಳ್ತಾವು. ಮೂರಕ್ಕೂ ನೀನೇ ಅಲ್ಲೇನು ಕಲಿಸಿದಾಕಿ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳ ಗಮನವೆಲ್ಲ ಮಾಳವ್ವನ ಹೊಟ್ಟೆಯ ಮೇಲೆ ಒತ್ತಿ ಹಿಡಿದ ತನ್ನ ಅಂಗೈಯಲ್ಲಿತ್ತು.

ಹಿಂದಕ್ಕೆ, ಕಲ್ಲಿಗೆ ಹೋಗೋಣ ಎಂದು ಲಾಲಸಾಬನಿಗೆ ಹೇಳಿದೆ. ಅವನು ನನ್ನ ಮುಖ ನೋಡಿದ. ಊರು ಇಲ್ಲೇ ಎಲ್ಲೋ ಕೂಗಳತೆಯಲ್ಲಿದೆ, ಹೆಣ್ಣುಮಗಳು ಸಾಯುವ ಹಾಗಿದ್ದಾಳೆ, ಊರಿಗೆ ಬೆನ್ನು ಹಾಕಿ ಹೋಗು ಎಂದರೆ ಯಾರಿಗಾದರೂ ಕಾಲು ಬರುವುದಿಲ್ಲ. "ಅಕ್ಕಾರ, ಇಲ್ಲೇ ಅಂಚು ಹಿಡದು ಸುತ್ತಿದ್ರ ಸಿಗತೈತಲ್ರಿ," ಎಂದ. ಸಿಗಬಹುದಿತ್ತು. ಕೆಸರಿನ ಅಂಚು ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತದೆ ಎಂದು ಕಣ್ಣಿಗೆ ಕಾಣದೆ ಸುತ್ತಿದರೆ ಎರಡನೆಯ ಸಲ ಹೂತುಹೋಗುವುದೂ ಅಷ್ಟೇ ಖಂಡಿತವಿತ್ತು. ಹಿಂದಕ್ಕೆ ಹೋಗು ಎಂದು ಮತ್ತೆ ಹೇಳಿದೆ. ಇಬ್ಬನಿಯ ಹುಲ್ಲಿನ ಮೇಲೆ ನಮ್ಮದೇ ಗಾಲಿಯ ಗುರುತು ಕಪ್ಪಗೆ ಬಿದ್ದಿತ್ತು. ಅದನ್ನೇ ಹಿಡಿದು ಹೋದೆವು. ಆ ದಾರಿಯುದ್ದಕ್ಕೂ ನಾನು ಮೂರು ಯಂತ್ರಗಳ ಹೊಟ್ಟೆಯಲ್ಲಿ ನಾನೇ ಕೂರಿಸಿದ್ದ ಲೆಕ್ಕವನ್ನು ಅಳಿಸುತ್ತ ಕೂತೆ. ಮೊದಲು ಮೊಬೈಲಿನದು, ಆಮೇಲೆ ಕೈಯಂತ್ರದ್ದು, ಕೊನೆಗೆ ಡಬ್ಬಿಯದು.

ಕಲ್ಲಿನ ಮುಂದೆ ಜೀಪು ನಿಂತಾಗ ಮೂರೂ ಮೂರು ಕಡೆ ತೋರಿಸಿದವು. ಡಬ್ಬಿ ಕಲ್ಲಿನಿಂದ ನಾಲ್ಕು ಮಾರು ಮುಂದೆ ನಿಂತಿತ್ತು. ಕೈಯಂತ್ರ ಒಂಬತ್ತು ಮಾರು ಬಡಗಣಕ್ಕೆ. ಮೊಬೈಲು ನಮ್ಮನ್ನು ಎಡಕ್ಕೆ ಮೂವತ್ತು ಮಾರು ದೂರದ, ಹೋದ ವರ್ಷ ಜನ ಓಡಾಡಿದ ಹಳೆಯ ಜಾಡಿನ ಮೇಲೆ ಕೂರಿಸಿತ್ತು. ಈಗ ಅವು ತಮ್ಮ ತಮ್ಮ ಬಾಯಿಂದ ಮಾತನಾಡಿದ್ದವು. ಮೂರು ಅಂಕಿಯನ್ನೂ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ. ಯಾವುದು ಎಷ್ಟು ತಪ್ಪುತ್ತದೆ ಎಂಬುದು ಈಗ ಗೊತ್ತಾಯಿತು. ಆದರೆ ಅಗಸಿ ಎಲ್ಲಿದೆ ಎಂಬುದು ಗೊತ್ತಾಗಬೇಕಾದರೆ ಯಾರಾದರೂ ಕಲ್ಲಿನಿಂದ ನಡೆದು ಅಳೆದಿರಬೇಕು. ನಾನು ಅಳೆದು ಹನ್ನೊಂದು ವಾರವಾಗಿತ್ತು.

ಆಗ ಲಾಲಸಾಬ ಕಲ್ಲಿನ ಹಿಂಬದಿಯಿಂದ ಕೂಗಿದ. ಇಳಿದು ಹೋಗಿ ನೋಡಿದೆ. ಗಾಳಿ ಮಳೆ ತಾಕದ ಆ ಬದಿಯಲ್ಲಿ ಸುಣ್ಣದಿಂದ ಸಾಲು ಸಾಲಾಗಿ ಬರೆದಿತ್ತು. ಕಾಕಾನ ಅಕ್ಷರ. ಒಂದೊಂದು ಸಾಲಿಗೂ ಸೋಮವಾರದ ತಾರೀಖು, ಕಲ್ಲಿನಿಂದ ಅಗಸಿಗೆ ಎಷ್ಟು ಮಾರು, ಕೈ ಚಾಚಿ ಹಿಡಿದರೆ ನೇರ ಮೂಡಣದಿಂದ ತೆಂಕಣಕ್ಕೆ ಎಷ್ಟು ಬೆರಳು. ಮೊದಲ ಸಾಲಿನಲ್ಲಿ ಬೆರಳು ಇರಲಿಲ್ಲ. ಮೂರನೆಯದರಲ್ಲಿ ಅರ್ಧ ಬೆರಳು. ಆಮೇಲೆ ಒಂದು, ಒಂದೂವರೆ, ಎರಡು. ಮಳೆಗಾಲ ಮುಗಿದ ಮೇಲೆ ಊರು ದಿಕ್ಕು ಬದಲಿಸಿತ್ತು. ಮೂಡಣಕ್ಕೆ ಸರಿಯುವುದನ್ನು ಬಿಟ್ಟು ತೆಂಕಣಕ್ಕೆ ಹೊರಳಿತ್ತು, ನಾವು ಕಚೇರಿಯಲ್ಲಿ ಕೂತು ವಾರಕ್ಕೆ ಆರರಂತೆ ಮೂಡಣಕ್ಕೆ ಕೂಡಿಸುತ್ತಿದ್ದೆವು. ಹನ್ನೊಂದು ಸಾಲುಗಳಿದ್ದವು. ಅರವತ್ತು ದಾಟಿದ ಮನುಷ್ಯ ಹನ್ನೊಂದು ಸೋಮವಾರ ಒಬ್ಬನೇ ಸರಪಳಿ ಎಳೆದಿದ್ದ. ಕೊನೆಯ ಸಾಲು ಮೂರು ದಿನದ ಹಿಂದಿನದು. ಆರುನೂರ ಹತ್ತೊಂಬತ್ತು ಮಾರು, ಮೂರು ಬೆರಳು.

ಅಳಬೇಕೆನಿಸಿತು, ಹೊತ್ತಿರಲಿಲ್ಲ. ಜೀಪು ಹತ್ತಿ, ಮಗುವನ್ನು ಮತ್ತೆ ಮಡಿಲಿಗೆ ತೆಗೆದುಕೊಂಡು ಲಾಲಸಾಬನಿಗೆ ಹೇಳಿದೆ: ನಡೆಯುವವನ ವೇಗದಲ್ಲಿ ಹೋಗು, ಡಬ್ಬಿ ತಡವಾಗಿ ತಿರುಗುತ್ತದೆ, ನಿಧಾನ ಹೋದರೆ ಅದು ನಮ್ಮ ಜೊತೆ ಬರುತ್ತದೆ. ಎಷ್ಟು ದೂರ ಬಂದೆವು ಎಂಬುದಕ್ಕೆ ಡಬ್ಬಿ, ಅದರಲ್ಲಿ ನಾಲ್ಕು ಕಳೆಯಬೇಕು. ಮೂರು ಬೆರಳೆಂದರೆ ಅಗಸಿಯ ಹತ್ತಿರ ಐವತ್ತು ಮಾರಿನಷ್ಟು ತೆಂಕಣಕ್ಕೆ. ಯಾವ ಕಡೆ ಎಂಬುದಕ್ಕೆ ಕೈಯಂತ್ರ, ಅದು ಹೇಳಿದ್ದಕ್ಕಿಂತ ಒಂಬತ್ತು ಮಾರು ತೆಂಕಣಕ್ಕೆ ಇದ್ದೇವೆಂದು ತಿಳಿಯಬೇಕು. ಮೊಬೈಲನ್ನು ಇಮಾಂಬಿಯ ಮುಂದೆ ಇಟ್ಟೆ. ಅದು ನಮ್ಮನ್ನು ಹಳೆಯ ಜಾಡಿನ ಕಡೆಗೆ ಎಳೆಯುತ್ತಲೇ ಇರುತ್ತದೆ, ಆ ಚುಕ್ಕೆ ಎಡಕ್ಕೇ ಇದ್ದರೆ ಸುಮ್ಮನಿರು, ಬಲಕ್ಕೆ ಬಂದರೆ ಹೇಳು ಎಂದೆ. ಅವಳು ಒಂದು ಕೈ ಮಾಳವ್ವನ ಮೇಲಿಟ್ಟು, ಒಂದು ಕಣ್ಣು ಚುಕ್ಕೆಯ ಮೇಲಿಟ್ಟಳು.

ಆರುನೂರು ಮಾರು ನಡೆಯುವವನ ವೇಗದಲ್ಲಿ ಎಷ್ಟು ದೂರ ಎಂದು ಅಂದು ತಿಳಿಯಿತು. ಮಾಳವ್ವ ಒಂದೆರಡು ಸಲ ಮಗುವನ್ನು ಕೇಳಿದಳು. ತೋರಿಸಿದೆ. ಆಮೇಲೆ ಕೇಳುವುದನ್ನು ಬಿಟ್ಟಳು. ಇಮಾಂಬಿ ಅವಳ ಕೆನ್ನೆ ತಟ್ಟುತ್ತ, ಹಟ್ಟಿಯಲ್ಲಿ ಎಷ್ಟು ಕುರಿ, ಟಗರು ಎಷ್ಟು, ಕರಿಯವೆಷ್ಟು ಎಂದು ಸುಮ್ಮನೆ ಏನೇನೋ ಕೇಳುತ್ತ ಅವಳ ಎಚ್ಚರ ಹಿಡಿದಿಟ್ಟಳು. ನಾನು ಅಂಕಿ ಹೇಳುತ್ತ ಹೋದೆ. ಐನೂರು. ಐನೂರ ಐವತ್ತು. ಸ್ವಲ್ಪ ಬಲಕ್ಕೆ. ಸಾಕು. ಆರುನೂರು. ಲಾಲಸಾಬ ತಲೆಯನ್ನು ಕಿಟಕಿಯಿಂದ ಹೊರಗೆ ಹಾಕಿ ನೆಲವನ್ನೇ ನೋಡುತ್ತಿದ್ದ. ಆರುನೂರ ಹತ್ತು ಎನ್ನುವ ಹೊತ್ತಿಗೆ ಮುಂದಿನ ಗಾಲಿಯ ಅಡಿ ಟಕ್ ಎಂದಿತು. ಹಲಗೆಯ ಸದ್ದು. ಅವನು ಬ್ರೇಕ್ ಹಾಕಿ ಇಳಿದು ನೋಡಿದ. ಬಲಗಾಲಿ ಹಲಗೆಯ ಮೇಲಿತ್ತು, ಎಡಗಾಲಿ ಒಂದು ಗೇಣು ಹೊರಗೆ ಗಟ್ಟಿ ನೆಲದ ಮೇಲಿತ್ತು. ಬಾವುಟ ಜೀಪಿನ ಬಾಗಿಲಿಗೆ ತಾಗುವಷ್ಟು ಹತ್ತಿರದಲ್ಲಿ ಮಂಜಿನಲ್ಲಿ ಒದ್ದೆಯಾಗಿ ಇಳಿಬಿದ್ದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಡಲೇ ಕೆಲಸಕ್ಕೆ ಇಳಿದರು. ರಕ್ತ ಕೊಡಲು ಲಾಲಸಾಬನೇ ಮೊದಲು ಅಂಗಿಯ ತೋಳು ಮಡಚಿಕೊಂಡು ನಿಂತ. ಅವನದು ಹೊಂದಲಿಲ್ಲ, ನನ್ನದು ಹೊಂದಿತು. ಮಧ್ಯಾಹ್ನ ಮಂಜು ಹರಿದು ಬಿಸಿಲು ಬಿದ್ದಾಗ ಡಾಕ್ಟರಮ್ಮ ಹೊರಗೆ ಬಂದು, ಉಳಿದಳು, ಆದರೆ ಇನ್ನೊಂದು ಅರ್ಧ ತಾಸು ತಡವಾಗಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು. ಇಮಾಂಬಿ ಗೋಡೆಗೆ ಒರಗಿ ಅಲ್ಲೇ ನೆಲದ ಮೇಲೆ ಕೂತು ಕಣ್ಣು ಮುಚ್ಚಿದಳು.

ನಾನು ಅಲ್ಲಿಂದ ನೆಟ್ಟಗೆ ಕಾಕಾನ ಮನೆಗೆ ಹೋದೆ. ಅವನು ಪಡಸಾಲೆಯಲ್ಲಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಹಿಮ್ಮಡಿ ಒಡೆದಿದ್ದವು. ನಡೆದದ್ದನ್ನೆಲ್ಲ ಹೇಳಿದೆ. ಊರು ಹೊರಳಿದ್ದು ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ನನ್ನ ದನಿ ಏರಿತ್ತು. ಅವನು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಒಂದ್ಸಲ ಹೇಳಿದ್ನೆಲ್ಲವ್ವಾ. ನೀ ಸಾಹೇಬರ ಹೆಸರು ಹೇಳಿದಿ," ಎಂದ. ಆಮೇಲೆ, "ತಪ್ಪು ನಂದೂ ಐತಿ. ಸಿಟ್ಟಿನ್ಯಾಗ ಕಲ್ಲಿಗೆ ಬರದ್ನಿ, ನಿನಗ ಹೇಳಲಿಲ್ಲ. ಇಷ್ಟು ದಿನದಾಗ ಒಮ್ಮೆರ ಬಂದು ನೋಡ್ತಾಳು ಅಂತ ಕಾಯ್ಕೊಂತ ಕುಂತೆ. ಆಕಿ ಸತ್ತಿದ್ರ ನಾ ಹೆಂಗ ತಡಕೊಳ್ಳಲಿ?" ಎಂದ. ನಾನು ಬಟ್ಟಲು ಎತ್ತಿಕೊಂಡು ಅವನ ಹಿಮ್ಮಡಿಗೆ ಎಣ್ಣೆ ಹಚ್ಚಿದೆ. ಬೇಡ ಬೇಡ ಎಂದ, ಕಾಲು ಎಳೆದುಕೊಳ್ಳಲಿಲ್ಲ.

ಮರುದಿನ ರಾಯರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಸರಾಸರಿ ತೆಗೆದವಳು ನಾನು, ಕಲ್ಲಿನ ನಡಿಗೆ ನಿಲ್ಲಿಸಲು ಒಪ್ಪಿದವಳೂ ನಾನು, ಯಾವ ಕ್ರಮ ತೆಗೆದುಕೊಂಡರೂ ಸರಿ ಎಂದು ಬರೆದಿದ್ದೆ. ರಾಯರು ಕಾಗದವನ್ನು ಎರಡು ಸಲ ಓದಿದರು. ಪೆನ್ನುಗಳನ್ನು ಸುಮ್ಮನೆ ಹಿಂದೆ ಮುಂದೆ ಮಾಡಿದರು. ಆ ಕೊನೆಯ ಸಾಲನ್ನು ಹೊಡೆದುಹಾಕಿ, ಕಲ್ಲಿನ ನಡಿಗೆ ನಿಲ್ಲಿಸಲು ಹೇಳಿದವನು ನಾನು ಎಂದರು. ಮುಂದಿನ ಸೋಮವಾರ ನಸುಕಿನಲ್ಲಿ ನಾನು ಕಲ್ಲಿನ ಹತ್ತಿರ ಹೋದಾಗ ರಾಯರು ಕ್ಯಾನ್ವಾಸ್ ಬೂಟು, ಮಂಕಿ ಟೋಪಿ ಹಾಕಿಕೊಂಡು ಅಲ್ಲಿ ನಿಂತಿದ್ದರು. ಕಾಕಾನೂ ಇದ್ದ. ರಾಯರಿಗೆ ಸರಪಳಿ ಹಿಡಿಯಲು ಬರುತ್ತಿರಲಿಲ್ಲ, ಎರಡು ಸಲ ಗೋಜಲು ಮಾಡಿದರು. ಕಾಕಾ ಬಿಡಿಸಿ ಬಿಡಿಸಿ ಕೊಟ್ಟ.

ಯಂತ್ರಗಳ ಲೆಕ್ಕ ಅಳಿಸುವುದಕ್ಕೆ ಮತ್ತೆ ಎರಡು ತಿಂಗಳು ಹಿಡಿಯಿತು. ಜನ ಸಂತೋಷದಿಂದ ತಂದುಕೊಡಲಿಲ್ಲ. ಚೆನ್ನಾಗಿದ್ದುದನ್ನು ಯಾಕೆ ಕೆಡಿಸುತ್ತೀರಿ ಎಂದು ಕೇಳಿದವರೇ ಹೆಚ್ಚು. ಕೆಲವರು ಇವತ್ತಿಗೂ ಅಳಿಸಿಕೊಂಡಿಲ್ಲ, ಅವರ ಮನೆ ನನಗೆ ಗೊತ್ತಿದೆ, ವಾರಕ್ಕೆ ಇಬ್ಬರಂತೆ ಹೋಗಿ ಒಪ್ಪಿಸುತ್ತಿದ್ದೇನೆ. ಚಹಾದಂಗಡಿಯ ಬಾಕಿನ ಮೇಲೆ ಮತ್ತೆ ಮೂರು ಅಂಕಿಯ ಜಗಳ. ಅಗಸಿಯ ಕರಿಹಲಗೆಯ ಮೇಲೆ ಈಗ ವಾರದ ಅಂಕಿಯ ಕೆಳಗೆ ಅದನ್ನು ನಡೆದು ಅಳೆದವರ ಹೆಸರನ್ನೂ ಬರೆಯುತ್ತೇನೆ.

ಬೀರಪ್ಪ ಬಂದದ್ದು ಆ ಗಲಾಟೆಯ ನಡುವೆ. ಎತ್ತರದ ಆಳು, ಹೆಗಲ ಮೇಲೆ ಕಂಬಳಿ, ಸಾಲಿನಲ್ಲಿ ತನ್ನ ಸರದಿ ಬರುವವರೆಗೂ ನಿಂತಿದ್ದ. ಹೆಸರು ಹೇಳಿದ ಮೇಲೆಯೇ ಯಾರೆಂದು ನನಗೆ ತಿಳಿದದ್ದು. ತಾಯಿ ಮಗು ಹೇಗಿದ್ದಾರೆ ಎಂದು ಕೇಳಿದೆ. ಆರಾಮ ಇದ್ದಾರೆ ಎಂದ. ಕೈಯಂತ್ರವನ್ನು ಮೇಜಿನ ಮೇಲಿಟ್ಟ. ಅಂದು ಅವನು ಹಟ್ಟಿಯಲ್ಲಿರದ ಕಾರಣ ಅದಕ್ಕೆ ನಾನು ಲೆಕ್ಕ ಕೂರಿಸಿಯೇ ಇರಲಿಲ್ಲ, ಅಳಿಸುವುದಕ್ಕೆ ಏನೂ ಇಲ್ಲ ಎಂದು ಹೇಳಿದೆ.

"ಅಳಸಾಕ ಬಂದಿಲ್ರಿ. ಹೆಂಗೈತಿ ಹಂಗ ಇರಲಿ," ಎಂದ. "ಇದು ಎಷ್ಟು ತಪ್ಪತೈತಿ, ಯಾ ಕಡೆ ತಪ್ಪತೈತಿ, ಅಷ್ಟು ಹೇಳ್ರಿ."

ಅದಕ್ಕೆ ಕಲ್ಲಿಗೇ ಹೋಗಬೇಕು ಎಂದೆ. ಹೋಗೋಣ ಎಂದ. ಉಳಿದವರನ್ನು ಮಧ್ಯಾಹ್ನದ ಮೇಲೆ ಬರಲು ಹೇಳಿ ಎದ್ದೆ. ಇಬ್ಬರೂ ಹಲಗೆದಾರಿ ದಾಟಿ, ಬಿಸಿಲಿನಲ್ಲಿ ನಡೆದೆವು. ಕಲ್ಲಿನ ಪಕ್ಕ ಯಂತ್ರವಿಟ್ಟು ಅದು ನಿಲುಗಡೆಗೆ ಬರುವವರೆಗೆ ಕಾದೆ. ಅಗಸಿಗೆ ಮುಖ ಮಾಡಿ ನಿಂತರೆ ಏಳು ಮಾರು, ಎಡಕ್ಕೆ. ಮತ್ತೊಮ್ಮೆ ನೋಡಿದೆ, ಅಷ್ಟೇ ಇತ್ತು. ಚೀಟಿಯ ಮೇಲೆ ಬರೆದು ಕೊಡಲು ಪೆನ್ನು ತೆಗೆದಾಗ ಅವನು ತನಗೆ ಓದಲು ಬರುವುದಿಲ್ಲ ಎಂದ. ಕಂಬಳಿಯ ಅಂಚಿನಿಂದ ಒಂದು ಕರಿ ಉಣ್ಣೆಯ ಎಳೆ ಎಳೆದು ಯಂತ್ರದ ಎಡಕಿವಿಗೆ ಕಟ್ಟಿ, ಕಲ್ಲಿನ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಗಂಟು ಹಾಕತೊಡಗಿದ. ಮುಗಿದ ಮೇಲೆ ಕಣ್ಣು ಮುಚ್ಚಿ ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದ. ಆರಿದ್ದವು. ಇನ್ನೊಂದು ಗಂಟು ಹಾಕಿದ.